ನೆಲ ಡೊಂಕೋ, ಅಂಗಳ ಡೊಂಕೋ?



ಕುಣಿಯಲು ಬಾರದವಳು ನೆಲ ಡೊಂಕು ಎಂದಳು. ಈ ಗಾದೆಯನ್ನು ಕೇಳದ ಕನ್ನಡ ಮನೆ ಅಪರೂಪ. ಅಕ್ಕಲಕೋಟೆ, ಜತ್ತದ ಕಡೆ ಇದೇ ಮಾತು ಮರಾಠಿಯಲ್ಲಿ ಕಿವಿಗೆ ಬೀಳುತ್ತದೆ: ನಾಚತಾ ಯೇಯಿನಾ, ಅಂಗಣ ವಾಕಡೇ. ಅಲ್ಲಿ ಡೊಂಕಾದದ್ದು ಅಂಗಳ. ರಾಯದುರ್ಗ, ಮಡಕಶಿರಾದ ಕಡೆ ತೆಲುಗಿನಲ್ಲಿ ಆಡಲೇಕ ಮದ್ದೆಲ ಓಡು ಎನ್ನುತ್ತಾರೆ. ಅಲ್ಲಿ ನೆಲ ಚೆನ್ನಾಗಿಯೇ ಇದೆ, ಮದ್ದಳೆ ಒಡಕು! ಹೊಸೂರು, ತಾಳವಾಡಿಯ ತಮಿಳಿಗೆ ಬಂದರೆ ಸೊಟ್ಟಗಾದದ್ದು ಮನೆಯ ಪಡಸಾಲೆ. ನೆಪ ಬೇರೆ ಬೇರೆ. ತನ್ನ ಕೊರತೆಯನ್ನು ಇನ್ನೊಂದರ ತಲೆಗೆ ಕಟ್ಟುವ ಮನುಷ್ಯನ ಗುಣ ಮಾತ್ರ ಒಂದೇ.

ಗಡಿಯಲ್ಲಿ ಬಾಳುವ ನಮಗೆ ಇದೊಂದು ಭಾಗ್ಯ. ಒಂದೇ ಭಾಷೆ ಬಲ್ಲವರು ಗಾದೆಯನ್ನು ಒಂದು ಕಿವಿಯಿಂದ ಕೇಳುತ್ತಾರೆ, ನಾವು ಎರಡು ಕಿವಿಯಿಂದ ಕೇಳುತ್ತೇವೆ. ಆದ್ದರಿಂದ ಅದನ್ನು ತೂಗಿ ನೋಡಲು ನಮಗೆ ಎರಡು ತಟ್ಟೆಗಳಿವೆ. ಸತ್ಯ, ಪ್ರಕೃತಿ, ನಂಬಿಕೆ ಈ ಮೂರರ ಬಗ್ಗೆ ಇರುವ ಕೆಲವು ಮಾತುಗಳನ್ನು ಇಂದು ಹಾಗೆ ತೂಗೋಣ.

ಮೊದಲು ಸತ್ಯದ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೆಲುಗಿನಲ್ಲೂ ಕುಂಬಳಕಾಯಿಯೇ, ಹೆಗಲೇ. ಹೆಗಲನ್ನೇ ಏಕೆ ಮುಟ್ಟಬೇಕು? ಬೂದುಗುಂಬಳ ಬಲಿತಾಗ ಅದರ ಸಿಪ್ಪೆಯ ಮೇಲೆ ಬಿಳಿಯ ಬೂದಿ ಕೂರುತ್ತದೆ. ಹೊತ್ತವನ ಹೆಗಲಿಗೆ ಅದು ಮೆತ್ತಿಕೊಳ್ಳುತ್ತದೆ. ಯಾರೂ ಅವನ ಹೆಸರು ಹೇಳಲಿಲ್ಲ, ಅವನ ಕೈಯೇ ಅವನನ್ನು ಹಿಡಿದುಕೊಟ್ಟಿತು. ಸುಳ್ಳು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಆದರೆ ಹಿತ್ತಲಿನಲ್ಲಿ ಕುಂಬಳದ ಬಳ್ಳಿಯನ್ನೇ ಕಾಣದ ಮಗುವಿಗೆ ಈ ಗಾದೆ ಅರ್ಧ ಮಾತ್ರ ತಿಳಿಯುತ್ತದೆ. ಗಾದೆಯೊಳಗಿನ ವಸ್ತು ಕಣ್ಮರೆಯಾದರೆ ಗಾದೆಯೂ ಮೆಲ್ಲಗೆ ಮೂಕವಾಗುತ್ತದೆ.

ಇನ್ನು ಪ್ರಕೃತಿ. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದರಲ್ಲಿ ಸುಮಾರು 13-14 ದಿನ ಇರುತ್ತಾನೆಂದು ನಮ್ಮ ರೈತರ ಲೆಕ್ಕ. ಆ ಲೆಕ್ಕದ ಮೇಲೆ ಹುಟ್ಟಿದ ಮಾತು: ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಬರುವ ಈ ಮಳೆ ಮುಂಗಾರಿ ಬಿತ್ತನೆಗೆ ಹದ ಕೊಡುತ್ತದೆ. ಆದರೆ ಸೊಲ್ಲಾಪುರದ ಕರಿನೆಲದಲ್ಲಿ ಜೋಳ ಹೆಚ್ಚಾಗಿ ಹಿಂಗಾರಿ ಬೆಳೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ನೆಲದಲ್ಲಿ ಉಳಿದ ತೇವದ ಮೇಲೆ ಬೆಳೆಯಬೇಕು. ಅಲ್ಲಿಯ ರೈತ ರೋಹಿಣಿಯನ್ನಷ್ಟೇ ನಂಬಿ ಕೂತರೆ ಆಗದು, ಉತ್ತರೆ, ಹಸ್ತದ ಕಡೆಗೂ ನೋಡಬೇಕು. ಮಳೆಯ ಗಾದೆಗೆ ಒಂದು ಊರು ಇರುತ್ತದೆ, ಒಂದು ಮಣ್ಣು ಇರುತ್ತದೆ.

ಕಾಸರಗೋಡು, ವಯನಾಡಿನ ಕೇಳುಗರಿಗೆ ಇದೇ ನಕ್ಷತ್ರದ ಲೆಕ್ಕ ಮಲೆಯಾಳದಲ್ಲಿ ಞಾಟ್ಟುವೇಲ ಎಂಬ ಹೆಸರಿನಲ್ಲಿ ಪರಿಚಿತ. ನಾವು ಆರಿದ್ರಾ ಎಂದರೆ ಅವರು ತಿರುವಾದಿರ ಎನ್ನುತ್ತಾರೆ. ಆ ದಿನಗಳ ಎಡೆಬಿಡದ ಮಳೆ ಕರಿಮೆಣಸು ಕಾಯಿ ಕಟ್ಟಲು ಸಹಾಯಕ. ಪೋರ್ಚುಗೀಸರು ಮೆಣಸಿನ ಬಳ್ಳಿ ಒಯ್ಯುತ್ತಿದ್ದಾರೆಂದು ದೂರು ಬಂದಾಗ ಕಲ್ಲಿಕೋಟೆಯ ಸಾಮೂದಿರಿ, ಬಳ್ಳಿಯನ್ನು ಒಯ್ಯಲಿ, ನಮ್ಮ ತಿರುವಾದಿರ ಞಾಟ್ಟುವೇಲವನ್ನು ಒಯ್ಯಲಾರರು ಎಂದನೆಂಬ ಕಥೆ ಆ ನಾಡಿನಲ್ಲಿ ಪ್ರಚಾರದಲ್ಲಿದೆ. ಕಥೆ ಹೇಗೇ ಇರಲಿ, ಅದರ ತಿರುಳು ಗಟ್ಟಿ: ಬೆಳೆಯನ್ನು ಸಾಗಿಸಬಹುದು, ಋತುವನ್ನು ಸಾಗಿಸಲಾಗದು.

ನಂಬಿಕೆಯ ಮಾತಿಗೆ ಬರೋಣ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಈ ಗಾದೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದೆ. ಇದನ್ನು ಹೇಳುವ ಅಜ್ಜಿ ನಾಸ್ತಿಕಳಲ್ಲ. ಬೆಳಿಗ್ಗೆ ಎದ್ದು ದೀಪ ಹಚ್ಚಿದವಳೇ ಈ ಮಾತನ್ನೂ ಆಡುತ್ತಾಳೆ. ಅವಳ ದೂರು ದೇವರ ಮೇಲಲ್ಲ, ನಡುವೆ ನಿಂತವನ ಮೇಲೆ. ಮಂಜೂರಾದ ಕಾಗದ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತಾಗ ನಾವೂ ಇದೇ ಗಾದೆಯನ್ನು ನೆನೆಯುತ್ತೇವಲ್ಲವೇ?

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬುದೂ ಒಂದು ಗಾದೆಯೇ. ಹಾಗಾದರೆ ಗಾದೆಗಳೆಲ್ಲ ನಿಜವೇ? ತಾಳಿದವನು ಬಾಳಿಯಾನು ಎನ್ನುತ್ತೇವೆ. ಮರುಗಳಿಗೆಯಲ್ಲೇ, ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತೇವೆ. ಎರಡರಲ್ಲಿ ಯಾವುದು ಸರಿ? ಎರಡೂ ಸರಿ, ಆದರೆ ಬೇರೆ ಬೇರೆ ಹೊತ್ತಿಗೆ. ಮನೆಯೊಳಗಿನ ಮುನಿಸಿಗೆ ಮೊದಲನೆಯದು, ಹಕ್ಕು ಕಸಿಯಲು ಬಂದವನೆದುರು ಎರಡನೆಯದು. ಯಾವ ಹೊತ್ತಿಗೆ ಯಾವುದು ಎಂದು ಆರಿಸುವ ಬುದ್ಧಿಯನ್ನು ಗಾದೆ ಕೊಡುವುದಿಲ್ಲ, ಅದನ್ನು ನಾವೇ ತರಬೇಕು.

ಇನ್ನೊಂದು ಎಚ್ಚರವೂ ಬೇಕು. ಮೊದಲು ಹೇಳಿದ ಗಾದೆಯನ್ನು ಮತ್ತೆ ನೋಡಿ. ಕನ್ನಡದಲ್ಲಿ ಕುಣಿಯಲು ಬಾರದವಳು ಹೆಂಗಸು, ತಮಿಳಿನಲ್ಲೂ ಹೆಂಗಸು. ಮರಾಠಿ, ತೆಲುಗಿನ ಗಾದೆಗಳು ಮಾತ್ರ ಗಂಡೋ ಹೆಣ್ಣೋ ಹೇಳುವುದೇ ಇಲ್ಲ. ನೆಪ ಹೇಳುವುದರಲ್ಲಿ ಗಂಡಸರೇನು ಹಿಂದೆ ಬಿದ್ದವರೇ? ಹೆಣ್ಣನ್ನೋ ಒಂದು ಜಾತಿಯನ್ನೋ ಕೀಳು ಮಾಡುವ ಮಾತುಗಳು ಎಲ್ಲ ಭಾಷೆಯ ಗಾದೆಗಳಲ್ಲೂ ಸೇರಿಕೊಂಡಿವೆ. ಹಳೆಯದೆಂಬ ಒಂದೇ ಕಾರಣಕ್ಕೆ ಅವನ್ನು ಹೊತ್ತು ತಿರುಗಬೇಕಾಗಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯೇ ಹೇಳಿದೆ. ಆ ಪ್ರಮಾಣ ಗಾದೆಗೂ ಸಲ್ಲಬೇಕು.

ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪದಗಳ ಅರ್ಥ ತೋರಿಸಲು ಅವರು ಅದರಲ್ಲಿ ಎಷ್ಟೋ ಗಾದೆಗಳನ್ನು ಕೊಟ್ಟಿದ್ದಾರೆ. ಅವು ಪುಸ್ತಕದಲ್ಲಿ ಭದ್ರವಾಗಿವೆ, ನಿಜ. ಆದರೆ ಗಾದೆ ಬದುಕುವುದು ಬಾಯಿಯಲ್ಲಿ. ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆ ಓದುತ್ತಾರೆ. ಅದಕ್ಕೆ ಕೊರಗುತ್ತ ಕೂರುವ ಬದಲು ಇಂದು ರಾತ್ರಿ ಊಟಕ್ಕೆ ಕೂತಾಗ ಒಂದು ಕೆಲಸ ಮಾಡಿ. ಶಾಲೆಯಲ್ಲಿ ಕಲಿತ ಒಂದು ಗಾದೆ ಹೇಳೆಂದು ಮಗುವನ್ನು ಕೇಳಿ. ಅದಕ್ಕೆ ಜೋಡಿಯಾಗುವ ಕನ್ನಡದ ಗಾದೆಯನ್ನು ನೀವು ಹೇಳಿ. ಎರಡನ್ನೂ ಮಗುವೇ ತೂಗಲಿ. ಆ ಎರಡು ತಟ್ಟೆಯ ತಕ್ಕಡಿ ಅದರ ಕೈಗೆ ಬಂದರೆ ನಾಳೆ ಯಾರ ಮುಂದೆಯೂ ಅದು ನೆಲವನ್ನು ಡೊಂಕು ಎನ್ನಬೇಕಾಗುವುದಿಲ್ಲ.