ದಂತವೈದ್ಯರ ಪರದೇಶ ಪರೀಕ್ಷೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಒಕ್ಕಲು ಮನೆತನಗಳಿಂದ ಒಂದು ಪ್ರಶ್ನೆ ನಮ್ಮ ಕಿವಿಗೆ ಪದೇಪದೇ ಬೀಳುತ್ತಿದೆ. ಕಬ್ಬಿನ ಹಣವನ್ನು ಕೂಡಿಟ್ಟು, ಅದು ಸಾಲದಾದಾಗ ಗದ್ದೆಯನ್ನು ಅಡವಿಟ್ಟು, ಮಗಳನ್ನು ದಂತವೈದ್ಯ ವ್ಯಾಸಂಗಕ್ಕೆ ಕಳುಹಿಸಿದ ತಂದೆಯು, “ಐದು ವರ್ಷ ಓದಿ ಪದವಿ ತಂದವಳಿಗೆ ಪರದೇಶದಲ್ಲಿ ಮತ್ತೇಕೆ ಪರೀಕ್ಷೆ? ನಮ್ಮ ಪದವಿಗೆ ಬೆಲೆಯೇ ಇಲ್ಲವೆ?” ಎಂದು ಕೇಳುತ್ತಾನೆ. ಪ್ರಶ್ನೆ ನ್ಯಾಯವಾದುದು. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲು ನಮ್ಮ ಮನೆಯನ್ನೇ ನೋಡೋಣ. ಅಮೆರಿಕದ ಅಯೋವಾದಲ್ಲಿ ಕಲಿತು ಬಂದ ಡಾ. ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ವಿದ್ಯೆಗೆ ಎಲ್ಲೆಯಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೂ ಸ್ವತಂತ್ರ ಭಾರತವು 1948ರಲ್ಲಿಯೇ ದಂತವೈದ್ಯರ ಕಾಯಿದೆಯನ್ನು ಮಾಡಿ ವೃತ್ತಿಗೆ ಕಟ್ಟುಪಾಡು ವಿಧಿಸಿತು. ವಿದೇಶದಲ್ಲಿ ಪದವಿ ಪಡೆದು ಹಿಂದಿರುಗುವ ನಮ್ಮವರಿಗೇ ಇಲ್ಲಿ ಅರ್ಹತಾ ಪರೀಕ್ಷೆಯುಂಟು. ಜನರ ಬಾಯೊಳಗೆ ಆಯುಧ ಹಿಡಿದು ಕೈಯಿಡುವವನ ಯೋಗ್ಯತೆಯನ್ನು ವಿಚಾರಿಸುವುದು ಪ್ರತಿಯೊಂದು ದೇಶದ ಹಕ್ಕು. ಇದನ್ನು ಅವಮಾನವೆಂದು ಎಣಿಸತಕ್ಕುದಲ್ಲ.

ಇಂಗ್ಲೆಂಡಿನ ಜನರಲ್ ಡೆಂಟಲ್ ಕೌನ್ಸಿಲ್ಲಿನವರು 2007ರಿಂದ ನಡೆಸುತ್ತಿರುವ ಪರೀಕ್ಷೆಗೆ ಎರಡು ಭಾಗಗಳಿವೆ. ಮೊದಲನೆಯದು ಲಿಖಿತ ಪರೀಕ್ಷೆ. ಎರಡನೆಯದರಲ್ಲಿ ಬೊಂಬೆಯ ತಲೆಯಲ್ಲಿನ ಹಲ್ಲುಗಳನ್ನು ಕೊರೆದು ತುಂಬಬೇಕು. ರೋಗವನ್ನು ಗುರುತಿಸಿ ಚಿಕಿತ್ಸೆಯ ಕ್ರಮವನ್ನು ಹೇಳಬೇಕು. ರೋಗಿಯು ಕುರ್ಚಿಯಲ್ಲಿಯೇ ಮೂರ್ಛೆಹೋದರೆ ಮಾಡತಕ್ಕುದನ್ನು ತೋರಿಸಬೇಕು. ಈ ಭಾಗವೊಂದಕ್ಕೇ ನಾಲ್ಕು ಸಾವಿರ ಪೌಂಡಿಗೂ ಮೀರಿದ ಶುಲ್ಕ, ಎಂದರೆ ನಾಲ್ಕು ಲಕ್ಷ ರೂಪಾಯಿಗಿಂತ ಹೆಚ್ಚು. ಕೆನಡಾದಲ್ಲಿ ಸಮಾನತಾ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿದರೆ ಪುನಃ ಕಾಲೇಜು ಸೇರದೆಯೇ ಮುಂದುವರಿಯಬಹುದು. ಅಮೆರಿಕದಲ್ಲಾದರೋ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಬಹುತೇಕ ಸಂಸ್ಥಾನಗಳಲ್ಲಿ ಎರಡು ಮೂರು ವರ್ಷ ಅಲ್ಲಿಯ ಕಾಲೇಜಿನಲ್ಲಿ ಓದಲೇಬೇಕು. ಮದುವೆಯಾಗಿ ಅಲ್ಲಿಗೆ ಹೋದ ನಮ್ಮ ಹೆಣ್ಣುಮಕ್ಕಳು ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತಿರುವುದಕ್ಕೆ ಇದೇ ಕಾರಣ.

ಪರೀಕ್ಷೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪರೀಕ್ಷೆಯನ್ನು ವಿಧಿಸಿ, ಕುಳಿತುಕೊಳ್ಳಲು ಸ್ಥಳ ಕೊಡದಿರುವುದು ನ್ಯಾಯವಲ್ಲ. ಮಹಾಮಾರಿಯ ನಿಮಿತ್ತ 2020ರಲ್ಲಿ ನಿಂತ ಇಂಗ್ಲೆಂಡಿನ ಪರೀಕ್ಷೆಯು 2022ರಲ್ಲಿ ಪುನಃ ಆರಂಭವಾಯಿತು. ಅಷ್ಟರಲ್ಲಿ ಸಾವಿರಾರು ಮಂದಿ ಸರದಿಯಲ್ಲಿ ನಿಂತಿದ್ದರು. ಅಲ್ಲಿಯ ಬಡ ರೋಗಿಗಳಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ದಂತವೈದ್ಯರೇ ಸಿಕ್ಕುತ್ತಿಲ್ಲವೆಂಬ ಕೂಗು ಒಂದು ಕಡೆ. ನುರಿತ ಕೈಗಳು ಕೆಲಸವಿಲ್ಲದೆ ಜಡ್ಡುಗಟ್ಟುತ್ತಿರುವುದು ಇನ್ನೊಂದು ಕಡೆ. ಕಾಯಿಸುವವರಿಗೆ ಇದು ಕಡತದ ವಿಷಯ. ಕಾಯುವವರಿಗೆ ಆಯುಷ್ಯದ ವಿಷಯ.

ತಂದೆತಾಯಿಗಳಿಗೆ ನಮ್ಮ ಬಿನ್ನಹವಿಷ್ಟೆ. ಗದ್ದೆಯನ್ನು ಅಡವಿಡುವ ಮುನ್ನ ಯಾವ ದೇಶ, ಯಾವ ಪರೀಕ್ಷೆ, ಒಟ್ಟು ವೆಚ್ಚವೆಷ್ಟು, ಎಷ್ಟು ಬಾರಿ ಅವಕಾಶ ಎಂಬುದನ್ನು ಆಯಾ ದೇಶದ ಕೌನ್ಸಿಲ್ಲಿನಿಂದಲೇ ತಿಳಿದುಕೊಳ್ಳಿರಿ. ದಲ್ಲಾಳಿಯ ಮಾತನ್ನು ನೆಚ್ಚಬೇಡಿರಿ. ಇಂಗ್ಲೆಂಡಿನಲ್ಲಿ ಒಂದೊಂದು ಭಾಗಕ್ಕೂ ನಾಲ್ಕೇ ಅವಕಾಶವೆಂಬುದು ನೆನಪಿರಲಿ.

ನಮ್ಮ ಸರ್ಕಾರದವರಿಗೂ ಒಂದು ಮಾತು. ಕರ್ನಾಟಕದಲ್ಲಿ ನಲವತ್ತಕ್ಕೂ ಮೇಲ್ಪಟ್ಟು ದಂತವೈದ್ಯ ಕಾಲೇಜುಗಳಿವೆ. ಆದರೂ ನಮ್ಮ ಹಳ್ಳಿಯ ಮುದುಕಿ ಊದಿದ ದವಡೆಯನ್ನು ಸೆರಗಿನಲ್ಲಿ ಒತ್ತಿ ಹಿಡಿದು ಮೈಸೂರಿನ ಬಸ್ಸನ್ನು ಹತ್ತಬೇಕಾಗಿದೆ. ಹೋಬಳಿಯ ಆಸ್ಪತ್ರೆಗಳಲ್ಲಿ ತಕ್ಕ ಸಂಬಳದ ಹುದ್ದೆಗಳನ್ನು ಕಲ್ಪಿಸಿದರೆ, ಪರದೇಶಕ್ಕೆ ಹೋಗುವವರು ಇಷ್ಟಪಟ್ಟು ಹೋದಾರು. ಬೇರೆ ದಾರಿ ಕಾಣದೆ ಹೋಗುವವರು ಇಲ್ಲಿಯೇ ಉಳಿದಾರು. ಪರದೇಶದವರ ಪರೀಕ್ಷೆಯನ್ನು ನಮ್ಮ ಮಕ್ಕಳು ಗೆದ್ದೇ ಗೆಲ್ಲುವರು. ಆ ಮುದುಕಿಯ ದವಡೆಯಲ್ಲಿರುವುದು ನಮ್ಮ ಪರೀಕ್ಷೆ. ಅದರಲ್ಲಿ ನಾವು ಇನ್ನೂ ತೇರ್ಗಡೆಯಾಗಿಲ್ಲ.