ತೆರೆಯ ಮೇಲೆ ರಾಜಕುಮಾರ, ತಾಳಗುಂದದ ಕಂಬದಲ್ಲಿ ವಿದ್ಯಾರ್ಥಿ

1975ರ ‘ಮಯೂರ’ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಡಾ. ರಾಜ್‌ಕುಮಾರ್ ಅವರ ನಿಲುವು, ಆ ಪೋಷಾಕು, ಆ ಮಾತಿನ ಗತ್ತು. ಕದಂಬರು ಅಂದ ಕೂಡಲೇ ಈಗಲೂ ಎಷ್ಟೋ ಜನರ ಕಣ್ಮುಂದೆ ಬರೋದು ಅದೇ ಚಿತ್ರ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಅದಕ್ಕೆ ಆಧಾರ. ಚಿತ್ರದ ತಿರುವು ನೆನಪಿದೆಯಲ್ಲ? ಬ್ರಾಹ್ಮಣ ಯುವಕ ಅಂದುಕೊಂಡಿದ್ದವನು ನಿಜಕ್ಕೂ ಕದಂಬರ ರಾಜಕುಮಾರ ಎಂದು ತಿಳಿಯುತ್ತದೆ; ಕಳೆದುಹೋದ ರಾಜ್ಯವನ್ನು ಪಲ್ಲವರಿಂದ ಮರಳಿ ಪಡೆಯುವುದು ಅವನ ಹಕ್ಕಾಗುತ್ತದೆ.

ಇನ್ನು ಶಾಸನಕ್ಕೆ ಬನ್ನಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇಗುಲದ ಮುಂದೆ ಎಂಟು ಮುಖದ ಕಲ್ಲುಕಂಬವಿದೆ. ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ಭಾಷೆ ಸಂಸ್ಕೃತ, ಕವಿಯ ಹೆಸರು ಕುಬ್ಜ. ಪದ್ಯ ಕಟ್ಟಿದ್ದಲ್ಲದೆ ಕಲ್ಲಿನ ಮೇಲೆ ಬರೆದವನೂ ಅವನೇ. ಅಸಲಿಗೆ ಇದು ಕಾಕುಸ್ಥವರ್ಮ ಶಿವಾಲಯದ ಬಳಿ ಕಟ್ಟಿಸಿದ ಕೆರೆಯ ಶಾಸನ; ಬರೆಸಿದ್ದು ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಅಂದರೆ ಮಯೂರನಾದ ಮೇಲೆ ಸುಮಾರು ನೂರು ವರ್ಷಕ್ಕೆ. ಕೆರೆಯ ಮಾತು ಬರುವ ಮುಂಚೆ ವಂಶದ ಕಥೆ ಬರುತ್ತದೆ.

ಆ ಕಥೆಯಲ್ಲಿ ಕಳೆದುಹೋದ ಸಿಂಹಾಸನವೇ ಇಲ್ಲ ನೋಡಿ. ಮಾನವ್ಯಗೋತ್ರದ ಒಂದು ವೈದಿಕ ಮನೆತನ, ಮನೆಯ ಹತ್ತಿರ ಒಂದು ಕದಂಬದ ಮರ, ಅದರಿಂದಲೇ ಮನೆತನಕ್ಕೆ ಆ ಹೆಸರು. ಆ ಮನೆಯ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ‘ಅಶ್ವಸಂಸ್ಥ’ದೊಂದಿಗೆ ಜಗಳ. ಈ ಒಂದು ಪದಕ್ಕೆ ಕುದುರೆ ಸವಾರ ಅಂತ ಕೆಲವರು, ಅಶ್ವಮೇಧಕ್ಕೆ ಸೇರಿದ್ದು ಅಂತ ಮತ್ತೆ ಕೆಲವರು ಅರ್ಥ ಹೇಳಿದ್ದಾರೆ. ಜಗಳ ಯಾಕಾಯಿತು, ಯಾರು ಏನಂದರು ಅನ್ನೋದನ್ನು ಕುಬ್ಜ ಬಿಡಿಸಿ ಹೇಳೋದಿಲ್ಲ. ಚಿತ್ರಕಥೆ ಬರೆಯುವವರು ತುಂಬಬೇಕಾದ ಜಾಗ ಅದು; ತುಂಬಿದ್ದಕ್ಕೆ ನನ್ನ ತಕರಾರೇನೂ ಇಲ್ಲ.

ಮುಂದಿನದು ಮಾತ್ರ ಕುಬ್ಜನ ಶ್ರೇಷ್ಠ ಪದ್ಯಗಳಲ್ಲಿ ಒಂದು: ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ್ದ ಕೈ ಈಗ ಹೊಳೆಯುವ ಕತ್ತಿಯನ್ನು ಹಿರಿಯುತ್ತದೆ. ಕ್ಷತ್ರಿಯರ ಮುಂದೆ ಬ್ರಾಹ್ಮಣರು ಹೀಗೆ ಅಶಕ್ತರಾದರಲ್ಲ ಎಂಬ ಕೊರಗು ಅದರ ಹಿಂದಿದೆ. ಅವನು ಪಲ್ಲವರ ಗಡಿಪಾಲಕರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರುತ್ತಾನೆ, ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡುತ್ತಾನೆ, ರಾತ್ರಿ ಹೊತ್ತು ಪಲ್ಲವ ಸೇನೆಯ ಮೇಲೆ ಬೀಳುತ್ತಾನೆ. ಕೊನೆಗೆ ಪಲ್ಲವರೇ ಸ್ನೇಹಕ್ಕೆ ಬರುತ್ತಾರೆ. ಅವನು ಅವರ ಸೇವೆಗೆ ಸೇರಿ ಯುದ್ಧಗಳಲ್ಲಿ ಮೆಚ್ಚುಗೆ ಗಳಿಸುತ್ತಾನೆ. ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನೂ ಪಟ್ಟವನ್ನೂ ಪಡೆಯುತ್ತಾನೆ. ಶತ್ರುವಿನ ಕೈಯಿಂದಲೇ ಪಟ್ಟ! ಸಿನಿಮಾ ನಾಯಕನಿಗೆ ಒಗ್ಗುವ ಮಾತಾ ಇದು?

ಕುಬ್ಜನೇನೂ ನಿಷ್ಪಕ್ಷಪಾತಿಯಲ್ಲ, ಆಸ್ಥಾನದ ಕವಿ. ಷಣ್ಮುಖನೇ ಮಯೂರನಿಗೆ ಅಭಿಷೇಕ ಮಾಡಿದ ಅಂತಲೂ ಬರೆದ. ವೈದಿಕ ಮೂಲ ಅನ್ನೋದೂ ವಂಶದವರು ತಾವಾಗಿ ಹೇಳಿಕೊಂಡದ್ದೇ. ಆದರೂ ಆಳುತ್ತಿದ್ದ ದೊರೆಯ ಮುಂದೆ ‘ನಿಮ್ಮ ಮೂಲಪುರುಷ ಓದೋಕೆ ಹೋದ ಹುಡುಗ, ಆಮೇಲೆ ಪಲ್ಲವರ ಸೇವೆಯಲ್ಲಿದ್ದ’ ಎಂದು ಕಲ್ಲಿನಲ್ಲಿ ಬರೆಯಲು ಅವನಿಗೆ ಸಂಕೋಚವಾಗಲಿಲ್ಲ. ಹದಿನೈದು ಶತಮಾನದ ಮೇಲೆ ನಮಗೆ ಯಾಕೆ ಆಯಿತು? ರಾಜನಾಗಬೇಕಾದರೆ ರಾಜನ ಮಗನೇ ಆಗಿರಬೇಕು ಅನ್ನೋ ಕಟ್ಟಲೆ ಶಾಸನದ್ದಲ್ಲ, ನಮ್ಮ ಕಥೆಗಳದ್ದು. ಆ ಕಟ್ಟಲೆಗೆ ಸಿಕ್ಕಿ ಬಿದ್ದುಹೋಗಿದ್ದು ಇಡೀ ಕಥೆಯ ಅಚ್ಚರಿಯೇ.

ಹೆಸರನ್ನೂ ಗಮನಿಸಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ, ಅವನದೇ ಕಾಲದ್ದೆನ್ನಲಾದ ಪುಟ್ಟ ಪ್ರಾಕೃತ ಶಾಸನವೂ ಕೆರೆಯದ್ದೇ. ಅದರ ಉಳಿದ ಪಾಠದ ಬಗ್ಗೆ ವಿದ್ವಾಂಸರಲ್ಲಿ ಜಗಳ ಇನ್ನೂ ಇದೆ, ಆದರೆ ಅಲ್ಲಿಯೂ ಅವನು ‘ಶರ್ಮ’ನೇ. ‘ವರ್ಮ’ ಸೇರಿದ್ದು ಅವನ ಮಗ ಕಂಗವರ್ಮನಿಂದ ಮುಂದಕ್ಕೆ. ಇವನನ್ನೇ ‘ಮಯೂರವರ್ಮ’ ಎಂದು ಕರೆದಿದ್ದು ಬಹಳ ನಂತರದ ಶಾಸನಗಳು.