ಕೋರ್ಟು ಕೇಳಿದ ಏಳನೇ ಟೇಪು

1972ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬವರ ಕೊಲೆಯಾಯಿತು. ಪೊಲೀಸರು ಮೂವರು ಹುಡುಗರನ್ನು ಹಿಡಿದು ತಂದರು. ಮೂವರೂ ತಪ್ಪೊಪ್ಪಿಗೆಗೆ ಸಹಿ ಹಾಕಿದರು. 18 ವರ್ಷದ ಒಬ್ಬನ ಬುದ್ಧಿ ಬೆಳೆದಿದ್ದು ಎಂಟು ವರ್ಷದ ಮಗುವಿನಷ್ಟು. ಆ ತಪ್ಪೊಪ್ಪಿಗೆಗಳ ಮೇಲೆ ಆದ ಶಿಕ್ಷೆಯನ್ನು 1975ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಆ ಮಾತುಗಳು ಹುಡುಗರ ಬಾಯಿಗೆ ಹೇಗೆ ಬಂದವು ಎಂದು ತಿಳಿಯಲು ಧ್ವನಿಮುದ್ರಣವೇ ಇರಲಿಲ್ಲ.

ಈ ಪ್ರಕರಣದ ಬೆನ್ನಿಗೇ ತನಿಖೆಯ ಕ್ರಮವನ್ನು ಪರಿಶೀಲಿಸಲು ರಾಯಲ್ ಕಮಿಷನ್ ಎಂಬ ಸರ್ಕಾರಿ ಆಯೋಗ ಬಂತು. ವಿಚಾರಣೆ ಪೂರ್ತಿ ಟೇಪಾಗಬೇಕು ಎಂದು ಅದೂ ಹೇಳಲಿಲ್ಲ. ಕೊನೆಯಲ್ಲಿ ಪೊಲೀಸರ ಟಿಪ್ಪಣಿ ಓದಿ ಅದನ್ನು ಮುದ್ರಿಸಿಕೊಂಡರೆ ಸಾಕು ಎಂದಿತು, 1981ರಲ್ಲಿ. ಅಡ್ಡಬಂದದ್ದು ದುಡ್ಡು: ಯಂತ್ರದ ಖರ್ಚು, ಗಂಟೆಗಟ್ಟಲೆ ಮಾತನ್ನು ಟೈಪು ಮಾಡಿಸುವ ಖರ್ಚು.

1984ರ ಪೊಲೀಸ್ ಕಾಯಿದೆ ಬಂದ ಮೇಲೆ ಅಧಿಕಾರಿಗಳು ಪ್ರಶ್ನೆ, ಉತ್ತರ ಎರಡನ್ನೂ ಅಲ್ಲೇ ಕೈಯಲ್ಲಿ ಬರೆದುಕೊಳ್ಳಬೇಕಾಯಿತು. ಒಂದು ಪ್ರಶ್ನೆ ಕೇಳಿ, ಬರೆದು ಮುಗಿಯುವವರೆಗೆ ಎಲ್ಲರೂ ಕಾಯಬೇಕಿತ್ತು. ಆ ಗಂಟೆಗಳಿಗೂ ಸಂಬಳ ಕೊಡಬೇಕಿತ್ತು ಎಂಬುದನ್ನು ಖರ್ಚಿನ ಮಾತಾಡುವವರು ಮರೆಯಬಾರದು. ಕೆಲವು ಕಡೆ ಪ್ರಯೋಗ ನಡೆದು, 1988ರಲ್ಲಿ ಟೇಪಿನ ನಿಯಮಾವಳಿ ಜಾರಿಯಾಯಿತು. ಒಂದೇ ಯಂತ್ರದಲ್ಲಿ ಎರಡು ಕ್ಯಾಸೆಟ್. ಆರೋಪಿಯ ಎದುರಿಗೇ ಹೊಸ ಕ್ಯಾಸೆಟ್ ಬಿಚ್ಚಬೇಕಿತ್ತು, ಮುಗಿದೊಡನೆ ಒಂದನ್ನು ಅವನೆದುರೇ ಸೀಲು ಮಾಡಬೇಕಿತ್ತು. ಟೈಪಿಂಗಿನ ಹೊರೆಗೂ ದಾರಿ ಕಂಡಿತು: ಪೂರ್ತಿ ಬರಹದ ಬದಲು ಸಾರಾಂಶ.

ಅದೇ ವರ್ಷ ಕಾರ್ಡಿಫ್‌ನಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಒಬ್ಬ ಆರೋಪಿಯನ್ನು ಐದು ದಿನಗಳಲ್ಲಿ ಸುಮಾರು 13 ಗಂಟೆ ಪ್ರಶ್ನಿಸಿದರು. ಮುನ್ನೂರಕ್ಕೂ ಹೆಚ್ಚು ಬಾರಿ ಅವನು ‘ನಾನಲ್ಲ’ ಎಂದ. ಕೊನೆಗೆ ಸೋತ. ಎಲ್ಲವೂ ಟೇಪಿನಲ್ಲಿತ್ತು, ಪಕ್ಕದಲ್ಲಿ ವಕೀಲರೂ ಇದ್ದರು. ಆದರೂ 1990ರಲ್ಲಿ ಅವನೂ ಇನ್ನಿಬ್ಬರೂ ಜೀವಾವಧಿ ಶಿಕ್ಷೆಗೆ ಗುರಿಯಾದರು. 1992ರಲ್ಲಿ ಮೇಲ್ಮನವಿ ನ್ಯಾಯಾಧೀಶರು ಏಳನೇ ಟೇಪನ್ನು ಹಾಕಿ ಕೇಳಿದರು. ಆ ಕಿರುಚಾಟ, ಬೆದರಿಕೆ ಕೇಳಿ ಮೂವರು ನ್ಯಾಯಾಧೀಶರೂ ದಿಗ್ಭ್ರಮೆಗೊಂಡರು, ಶಿಕ್ಷೆ ರದ್ದಾಯಿತು. ಹತ್ತು ವರ್ಷಗಳ ನಂತರ ಡಿಎನ್‌ಎ ಪರೀಕ್ಷೆ ನಿಜವಾದ ಕೊಲೆಗಾರನನ್ನು ಹಿಡಿದುಕೊಟ್ಟಿತು.

ಟೇಪು ಇದ್ದರಷ್ಟೇ ಸಾಲದು, ಕುಳಿತು ಕೇಳುವವರು ಬೇಕು. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಖರ್ಚು ಅದು, ಮಾಡಲೇಬೇಕಾದ ಖರ್ಚು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಬಾಲ್ಡ್‌ವಿನ್ ಹಾಗೆ ಕುಳಿತರು. ಅವರು ಪರಿಶೀಲಿಸಿದ 600 ವಿಚಾರಣೆಗಳ ಮುದ್ರಣಗಳಲ್ಲಿ ಎದ್ದು ಕಂಡದ್ದು ಕ್ರೌರ್ಯಕ್ಕಿಂತ ಹೆಚ್ಚಾಗಿ ಅಸಮರ್ಥತೆ: ತಯಾರಿಯಿಲ್ಲದೆ ಬರುವುದು, ಮೊದಲೇ ತಪ್ಪಿತಸ್ಥನೆಂದು ತೀರ್ಮಾನಿಸಿಬಿಡುವುದು. 1990ರ ದಶಕದ ಮೊದಲಲ್ಲೇ ‘ಪೀಸ್’ ಹೆಸರಿನ ತರಬೇತಿ ಶುರುವಾಯಿತು. ಒಪ್ಪಿಸುವುದು ಬಿಟ್ಟು ತಿಳಿದುಕೊಳ್ಳುವುದಕ್ಕಾಗಿ ಪ್ರಶ್ನೆ ಕೇಳುವುದನ್ನು ಇಂಗ್ಲೆಂಡಿನ ಪೊಲೀಸರು ಅಲ್ಲಿ ಕಲಿಯತೊಡಗಿದರು.